ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ರೀನ್ ಕಪ್ಪಾಗಿ ನಿಂತರೆ ಹೆಚ್ಚಿನವರು ಮೊದಲು ಮಾಡುವುದು ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕಿತ್ತು ಮತ್ತೆ ಹಾಕುವ ಕೆಲಸ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಈಗ ಯಾವ ಡ್ರೈವರ್ ಓಡುತ್ತಿದೆ, ಯಾವುದು ಓಡಬೇಕಿತ್ತು ಅಂತ ಮೊದಲು ನೋಡಿಕೊಳ್ಳಿ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕೆಳಗಿನ ಉದಾಹರಣೆಗಳು ಹೆಚ್ಚಾಗಿ ಉಬುಂಟು ಮತ್ತು ಲಿನಕ್ಸ್ ಮಿಂಟ್‌ನವು. ಫೆಡೋರಾ, ಡೆಬಿಯನ್‌ನಲ್ಲಿ ಬೇರೆ ಥರ ಇದ್ದರೆ ಅಲ್ಲಲ್ಲೇ ಹೇಳಿದ್ದೇನೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ನನ್ನ ಹತ್ತಿರ ಯಾವ ಕಾರ್ಡ್ ಇದೆ, ಯಾವ ಡ್ರೈವರ್ ಓಡ್ತಿದೆ ಅಂತ ಹೇಗೆ ನೋಡೋದು?

ಟರ್ಮಿನಲ್ ತೆರೆದು "ಎಲ್‌ಎಸ್‌ಪಿಸಿಐ -ಕೆ" ಕೊಡಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ "ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್" ಅಥವಾ "3ಡಿ ಕಂಟ್ರೋಲರ್" ಅನ್ನುವ ಸಾಲು ಹುಡುಕಿ. ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅಂತ ಇರುತ್ತದೆ, ನಮಗೆ ಬೇಕಾದದ್ದು ಅದೇ. ಅಲ್ಲಿ ಎನ್‌ವಿಡಿಯಾ, ನೂವೋ, ಎಎಂಡಿಜಿಪಿಯು, ರೇಡಿಯಾನ್, ಐ915, ಎಕ್ಸ್‌ಇ ಇವುಗಳಲ್ಲಿ ಒಂದು ಕಾಣಬೇಕು (ಮೊದಲೆರಡು ಎನ್‌ವಿಡಿಯಾ ಕಾರ್ಡಿಗೆ, ಮುಂದಿನೆರಡು ಎಎಂಡಿಗೆ, ಕೊನೆಯೆರಡು ಇಂಟೆಲ್‌ಗೆ). ಆ ಸಾಲೇ ಇಲ್ಲ ಅಂದರೆ ಆ ಕಾರ್ಡಿಗೆ ಯಾವ ಡ್ರೈವರೂ ಹತ್ತಿಲ್ಲ. ಅದರ ಪಕ್ಕದಲ್ಲೇ "ಕರ್ನಲ್ ಮಾಡ್ಯೂಲ್ಸ್" ಅಂತ ಇನ್ನೊಂದು ಸಾಲು ಬರುತ್ತದೆ. ಅದು ಆ ಕಾರ್ಡಿಗೆ ಆಗಬಹುದಾದ ಡ್ರೈವರ್‌ಗಳ ಪಟ್ಟಿ ಅಷ್ಟೇ, ಓಡುತ್ತಿರುವುದಲ್ಲ. ಈ ಎರಡು ಸಾಲುಗಳನ್ನು ಅದಲು ಬದಲು ಓದಿ ಗಂಟೆಗಟ್ಟಲೆ ತಪ್ಪು ದಾರಿ ಹಿಡಿದವರು ತುಂಬ ಜನ.

ಇನ್ನೊಂದು ಪರೀಕ್ಷೆ "ಜಿಎಲ್‌ಎಕ್ಸ್‌ಇನ್ಫೋ -ಬಿ" (ಬಿ ದೊಡ್ಡಕ್ಷರ). ಇದಕ್ಕೆ ಉಬುಂಟುವಿನಲ್ಲಿ ಮೆಸಾ-ಯುಟಿಲ್ಸ್ ಪ್ಯಾಕೇಜ್ ಬೇಕು. ಅದರಲ್ಲಿ "ಓಪನ್‌ಜಿಎಲ್ ರೆಂಡರರ್" ಸಾಲಿನಲ್ಲಿ ನಿಮ್ಮ ಕಾರ್ಡಿನ ಹೆಸರು ಕಂಡರೆ ಸರಿ. "ಎಲ್‌ಎಲ್‌ವಿಎಂಪೈಪ್" ಅಂತ ಕಂಡರೆ ಕಾರ್ಡ್ ಸುಮ್ನೆ ಕೂತಿದೆ, ಎಲ್ಲವನ್ನೂ ಸಿಪಿಯು ಬಿಡಿಸುತ್ತಿದೆ ಅಂತ ಅರ್ಥ. ಕಿಟಕಿ ಎಳೆದರೆ ತಡವರಿಸೋದು, ಫ್ಯಾನ್ ಜೋರಾಗಿ ತಿರುಗೋದು ಇದರಿಂದಲೇ.

ಎಎಂಡಿ, ಇಂಟೆಲ್ ಕಾರ್ಡಿಗೆ ಡ್ರೈವರ್ ಎಲ್ಲಿಂದ ಡೌನ್‌ಲೋಡ್ ಮಾಡ್ಬೇಕು?

ಎಲ್ಲಿಂದಲೂ ಬೇಡ. ಡ್ರೈವರಿನ ಒಂದು ಭಾಗ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇದೆ, ಇನ್ನೊಂದು ಭಾಗ ಮೆಸಾ ಅನ್ನುವ ಲೈಬ್ರರಿಯಲ್ಲಿದೆ. ಎರಡೂ ಸಿಸ್ಟಮ್ ಜೊತೆಗೇ ಬರುತ್ತವೆ, ಅಪ್‌ಡೇಟ್ ಜೊತೆಗೇ ಹೊಸದಾಗುತ್ತವೆ. ವಿಂಡೋಸ್‌ನಿಂದ ಬಂದವರಿಗೆ ಇದನ್ನು ನಂಬೋದು ಕಷ್ಟ, ಆದರೆ ನಿಜ. ಎಎಂಡಿ ತನ್ನ ಸೈಟಿನಲ್ಲಿ ಕೊಡುವ ಪ್ಯಾಕೇಜ್ ಆರ್‌ಒಸಿಎಂ ಥರದ ಕಂಪ್ಯೂಟ್ ಕೆಲಸ (ಕಾರ್ಡಿನಲ್ಲಿ ದೊಡ್ಡ ಲೆಕ್ಕ ಮಾಡಿಸುವುದು) ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಸಿನಿಮಾ, ಬ್ರೌಸರ್, ಗೇಮ್‌ಗೆ ಅದು ಬೇಡ.

ಎನ್‌ವಿಡಿಯಾ ಮಾತ್ರ ಬೇರೆ. ಈ ಪುಟದಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗುತ್ತದೆ.

ಎನ್‌ವಿಡಿಯಾ ಸೈಟಿನಲ್ಲಿ ಸಿಗುವ ರನ್ ಫೈಲ್ ಹಾಕಬಹುದಾ?

ಹಾಕಬಹುದು, ಆದರೆ ಹಾಕಬೇಡಿ. ಆ ಇನ್‌ಸ್ಟಾಲರ್ ಸಿಸ್ಟಮ್ ಫೋಲ್ಡರ್‌ಗಳಲ್ಲಿ ಫೈಲುಗಳನ್ನು ನೇರವಾಗಿ ಬರೆಯುತ್ತದೆ, ಅವು ಅಲ್ಲಿವೆ ಅಂತ ಎಪಿಟಿಗೆ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿ ತೆಗೆಯುವ ಟೂಲ್‌ಗೆ) ಗೊತ್ತೇ ಇರುವುದಿಲ್ಲ. ಮುಂದೆ ಕರ್ನಲ್ ಅಪ್‌ಡೇಟ್ ಬಂದಾಗ, ಅಥವಾ ಉಬುಂಟು ತನ್ನದೇ ಎನ್‌ವಿಡಿಯಾ ಪ್ಯಾಕೇಜ್ ಹಾಕಿದಾಗ, ಎರಡು ಆವೃತ್ತಿಯ ಫೈಲುಗಳು ಬೆರೆತುಹೋಗುತ್ತವೆ. ಲಿನಕ್ಸ್ ಡೆಸ್ಕ್‌ಟಾಪಿನ ಗ್ರಾಫಿಕ್ಸ್ ತೊಂದರೆಗಳಲ್ಲಿ ಬಹುಪಾಲು ಹೀಗೆ ಎರಡು ದಾರಿ ಬೆರೆಸಿದ್ದರಿಂದಲೇ ಬರುತ್ತವೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಡಿಸ್ಟ್ರೋ (ಉಬುಂಟು, ಫೆಡೋರಾ ಥರದ ಲಿನಕ್ಸ್ ಬಗೆ) ಕೊಡುವ ದಾರಿ ಒಂದನ್ನೇ ಹಿಡಿಯಿರಿ.

ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ಅನ್ನುವ ಕಿಟಕಿ ಇದೆ, ಮಿಂಟ್‌ನಲ್ಲಿ "ಡ್ರೈವರ್ ಮ್ಯಾನೇಜರ್". ಟರ್ಮಿನಲ್ ಇಷ್ಟ ಅಂದರೆ "ಉಬುಂಟು-ಡ್ರೈವರ್ಸ್ ಡಿವೈಸಸ್" ಕೊಡಿ, "ರೆಕಮೆಂಡೆಡ್" ಅಂತ ಗುರುತು ಇರುವ ಆವೃತ್ತಿ ಕಾಣುತ್ತದೆ. ಆಮೇಲೆ "ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್". ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ರೆಪೊಸಿಟರಿ (ಪ್ಯಾಕೇಜ್‌ಗಳ ಭಂಡಾರ) ಸೇರಿಸಿಕೊಂಡು ಎಕೆಮಾಡ್-ಎನ್‌ವಿಡಿಯಾ ಹಾಕಬೇಕು. ಹಾಕಿದ ತಕ್ಷಣ ರೀಸ್ಟಾರ್ಟ್ ಮಾಡಬೇಡಿ, ಹಿನ್ನೆಲೆಯಲ್ಲಿ ಮಾಡ್ಯೂಲ್ (ಕರ್ನಲ್ ಒಳಗೆ ಸೇರುವ ಡ್ರೈವರ್ ಭಾಗ) ತಯಾರಾಗೋಕೆ ಕೆಲವು ನಿಮಿಷ ಬೇಕು. "ಮಾಡ್‌ಇನ್ಫೋ -ಎಫ್ ವರ್ಷನ್ ಎನ್‌ವಿಡಿಯಾ" (ಎಫ್ ದೊಡ್ಡಕ್ಷರ) ಕೊಟ್ಟಾಗ ಆವೃತ್ತಿ ಸಂಖ್ಯೆ ಬಂದರೆ ತಯಾರಾಗಿದೆ ಅಂತ.

ಆಗಲೇ ರನ್ ಫೈಲ್ ಹಾಕಿಬಿಟ್ಟಿದ್ದರೆ ಮೊದಲು "ಸುಡೊ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್" ಮಾಡಿ. ಆಮೇಲೆ ಎನ್‌ವಿಡಿಯಾ ಹೆಸರಿನ ಪ್ಯಾಕೇಜ್‌ಗಳನ್ನು ಎಪಿಟಿ ಪರ್ಜ್ ಮೂಲಕ ತೆಗೆಯಿರಿ. ವೈ ಒತ್ತುವ ಮುಂಚೆ ಏನೇನು ಹೋಗುತ್ತದೆ ಅನ್ನುವ ಪಟ್ಟಿ ಪೂರ್ತಿ ಓದಿ. ಡೆಸ್ಕ್‌ಟಾಪೇ ಹೋಗುವ ಹಾಗೆ ಕಂಡರೆ ಅಲ್ಲೇ ನಿಲ್ಲಿಸಿ.

ಕುಡಾ ಹಾಕಿದ ಮೇಲೆ ಡಿಸ್‌ಪ್ಲೇ ಹಾಳಾಯ್ತು. ಏನ್ ಮಾಡ್ಲಿ?

ಮೆಷಿನ್ ಲರ್ನಿಂಗ್ ಕಲಿಯೋ ವಿದ್ಯಾರ್ಥಿಗಳಿಂದ ಈ ಪ್ರಶ್ನೆ ತುಂಬ ಬರುತ್ತದೆ. ಕುಡಾ ಅಂದರೆ ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಸಾಫ್ಟ್‌ವೇರ್. ಎನ್‌ವಿಡಿಯಾದ ಕುಡಾ ರೆಪೊಸಿಟರಿ ಸೇರಿಸಿ "ಕುಡಾ" ಅನ್ನೋ ಪ್ಯಾಕೇಜ್ ಹಾಕಿದರೆ ಅದು ತನ್ನದೇ ಡ್ರೈವರನ್ನೂ ಎಳೆದುಕೊಂಡು ಬರುತ್ತದೆ. ಉಬುಂಟುವಿನ ಡ್ರೈವರ್ ಆಗಲೇ ಇದ್ದರೆ ಎರಡಕ್ಕೂ ಜಗಳ. ನಿಮಗೆ ಟೂಲ್‌ಕಿಟ್ ಮಾತ್ರ ಬೇಕಿದ್ದರೆ "ಕುಡಾ-ಟೂಲ್‌ಕಿಟ್" ಹಾಕಿ, ಅದು ಡ್ರೈವರ್ ಮುಟ್ಟುವುದಿಲ್ಲ. ಪೈಟಾರ್ಚ್ ಅಷ್ಟೇ ಬೇಕು ಅನ್ನುವವರಿಗೆ ಅದೂ ಬೇಡ, ಪಿಪ್‌ನಲ್ಲಿ ಬರುವ ಪೈಟಾರ್ಚ್ ತನಗೆ ಬೇಕಾದ ಕುಡಾ ಲೈಬ್ರರಿಗಳನ್ನು ಜೊತೆಗೇ ತರುತ್ತದೆ, ಡ್ರೈವರ್ ಒಂದಿದ್ದರೆ ಸಾಕು.

ಇಲ್ಲೇ ಇನ್ನೊಂದು ಮಾತು. "ಎನ್‌ವಿಡಿಯಾ-ಎಸ್‌ಎಂಐ" ಕೊಟ್ಟಾಗ ಮೇಲ್ಗಡೆ ಬಲಕ್ಕೆ ಕಾಣುವ ಕುಡಾ ಆವೃತ್ತಿ ನೀವು ಹಾಕಿರುವುದಲ್ಲ. ಆ ಡ್ರೈವರ್ ಎಲ್ಲಿಯವರೆಗೆ ತಾಳುತ್ತದೆ ಅನ್ನುವ ಮಿತಿ ಅದು.

ಸ್ಕ್ರೀನ್ ಪೂರ್ತಿ ಕಪ್ಪು, ಲಾಗಿನ್ ಕೂಡ ಬರ್ತಿಲ್ಲ. ಒಳಗೆ ಹೋಗೋದು ಹೇಗೆ?

ಗಾಬರಿ ಬೇಡ, ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ. ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಲಾಗಿನ್ ಬಂದರೆ ಸಿಸ್ಟಮ್ ಚೆನ್ನಾಗೇ ಎದ್ದಿದೆ, ಡಿಸ್‌ಪ್ಲೇ ಮಾತ್ರ ಬಿದ್ದಿದೆ. ಅಲ್ಲಿಂದಲೇ ಎಲ್ಲ ಸರಿಮಾಡಬಹುದು.

ಅದೂ ಬರಲಿಲ್ಲ ಅಂದರೆ ಗ್ರಬ್ (ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಂ) ಮೆನು ಬೇಕು. ಕಂಪ್ಯೂಟರ್ ಆನ್ ಮಾಡಿ, ಕಂಪನಿ ಲೋಗೋ ಹೋಗುತ್ತಿದ್ದ ಹಾಗೆ ಎಸ್ಕೇಪ್ ಒತ್ತಿ. ಹಳೇ ಬಯಾಸ್ ಕಂಪ್ಯೂಟರ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಎಸ್ಕೇಪ್ ಜಾಸ್ತಿ ಸಲ ಒತ್ತಿದರೆ ಮೆನು ಬದಲು "ಗ್ರಬ್>" ಅನ್ನುವ ಪ್ರಾಂಪ್ಟ್ ಬರುತ್ತದೆ. ಆಗ "ನಾರ್ಮಲ್" ಅಂತ ಟೈಪ್ ಮಾಡಿ ಎಂಟರ್ ಒತ್ತಿ, ತಕ್ಷಣ ಒಂದೇ ಒಂದು ಸಲ ಎಸ್ಕೇಪ್ ಒತ್ತಿ.

ಮೆನುವಿನಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಹಳೆಯ ಕರ್ನಲ್ ಇರುತ್ತದೆ, ಮೊದಲು ಅದರಿಂದ ಬೂಟ್ ಮಾಡಿ ನೋಡಿ. ಹಳೆಯ ಕರ್ನಲ್‌ನಲ್ಲಿ ಎಲ್ಲ ಸರಿ ಇದ್ದರೆ ಡ್ರೈವರ್ ಕೆಟ್ಟಿಲ್ಲ, ಹೊಸ ಕರ್ನಲ್‌ಗೆ ಅದು ತಯಾರಾಗಿಲ್ಲ ಅಂತ ಗೊತ್ತಾಯ್ತು. ಮುಂದಿನ ಪ್ರಶ್ನೆ ಓದಿ. ಹಳೆಯದರಲ್ಲೂ ಕಪ್ಪು ಅಂದರೆ ಮೆನುವಿನ ಮೊದಲ ಸಾಲಿನ ಮೇಲೆ ನಿಂತು "ಇ" ಅಕ್ಷರ ಒತ್ತಿ. "ಲಿನಕ್ಸ್" ಅಂತ ಶುರುವಾಗುವ ಉದ್ದ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು "ನೋಮೋಡ್‌ಸೆಟ್" ಅಂತ ಸೇರಿಸಿ ಎಫ್10 ಒತ್ತಿ. ರೆಸಲ್ಯೂಷನ್ ಕಡಿಮೆ ಇರುತ್ತದೆ, ಎಲ್ಲ ನಿಧಾನ ಇರುತ್ತದೆ, ಆದರೆ ಒಳಗೆ ಹೋಗಬಹುದು. ಇದು ಆ ಒಂದು ಸಲಕ್ಕೆ ಮಾತ್ರ. ನೋಮೋಡ್‌ಸೆಟ್ ಅನ್ನು ಕಾಯಂ ಆಗಿ ಗ್ರಬ್ ಫೈಲಿನಲ್ಲಿ ಬರೆದಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದಿದ್ದರೆ ಎಎಂಡಿ, ಇಂಟೆಲ್, ನೂವೋ ಡ್ರೈವರ್‌ಗಳು ಏಳುವುದೇ ಇಲ್ಲ, ಆಮೇಲೆ "ಎಲ್‌ಎಲ್‌ವಿಎಂಪೈಪ್ ಯಾಕೆ ಬರ್ತಿದೆ" ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ನಿನ್ನೆವರೆಗೂ ಸರಿ ಇತ್ತು, ಅಪ್‌ಡೇಟ್ ಆದ್ಮೇಲೆ ಹೋಯ್ತು.

ಎನ್‌ವಿಡಿಯಾ ಮಾಡ್ಯೂಲ್ ಕರ್ನಲ್‌ಗೆ ಅಂಟಿಕೊಂಡು ಬದುಕುತ್ತದೆ, ಒಂದೊಂದು ಕರ್ನಲ್‌ಗೂ ಅದನ್ನು ಬೇರೆ ಬೇರೆ ಕಟ್ಟಬೇಕು. ಉಬುಂಟು ತನ್ನ ಕರ್ನಲ್‌ಗಳಿಗೆ ಇದನ್ನು ಮೊದಲೇ ಕಟ್ಟಿ ಕೊಡಬಲ್ಲದು, ಇಲ್ಲದ ಕಡೆ ಡಿಕೆಎಂಎಸ್ ಅನ್ನೋದು ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟುತ್ತದೆ. ಅದು ಎಡವುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಹೊಸ ಕರ್ನಲ್‌ನ ಹೆಡರ್‌ಗಳು (ಮಾಡ್ಯೂಲ್ ಕಟ್ಟೋಕೆ ಬೇಕಾದ ಫೈಲುಗಳು) ಇಲ್ಲ. ಬೂಟ್ ಪಾರ್ಟಿಷನ್ ತುಂಬಿದೆ. ಅಥವಾ ಡ್ರೈವರ್ ತುಂಬ ಹಳೆಯದು, ಹೊಸ ಕರ್ನಲ್ ಜೊತೆ ಕಂಪೈಲ್ ಆಗುವುದೇ ಇಲ್ಲ.

"ಡಿಕೆಎಂಎಸ್ ಸ್ಟೇಟಸ್" ಕೊಡಿ. "ಯುನೇಮ್ -ಆರ್" ತೋರಿಸುವ ಕರ್ನಲ್ ಮುಂದೆ "ಇನ್‌ಸ್ಟಾಲ್ಡ್" ಅಂತ ಇದೆಯಾ ನೋಡಿ. "ಆಡೆಡ್" ಅಂತಷ್ಟೇ ಇದ್ದರೆ ಕಟ್ಟೋಕೆ ಆಗಿಲ್ಲ. ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿ, "ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್" ಕೊಡಿ. ಆಗಲೂ ಬಿದ್ದರೆ ಅದು ಯಾವ ಮೇಕ್ ಲಾಗ್ ಫೈಲ್ ನೋಡಬೇಕು ಅಂತ ತಾನೇ ಹೇಳುತ್ತದೆ. ಅದನ್ನು ತೆರೆದು "ಎರರ್" ಅನ್ನುವ ಮೊದಲ ಸಾಲು ಹುಡುಕಿ. ಕೊನೆಯ ಸಾಲಲ್ಲ, ಮೊದಲನೆಯದು. ಕೆಳಗಿನವೆಲ್ಲ ಅದರ ಹಿಂದೆ ಬಂದವು.

ಬೂಟ್ ತುಂಬಿದೆಯಾ ಅನ್ನೋದಕ್ಕೆ "ಡಿಎಫ್ -ಎಚ್" ಸಾಕು, ತುಂಬಿದ್ದರೆ "ಸುಡೊ ಎಪಿಟಿ ಆಟೋರಿಮೂವ್" ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ.

ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋಯ್ತು.

ನಮ್ಮ ಕಡೆ ಇದು ದಿನದ ಮಾತು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ದೊಡ್ಡ ಅಪಾಯ. ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ ಕ್ರಮವಾಗಿ ಇವನ್ನು ಕೊಡಿ: "ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ", ಆಮೇಲೆ "ಸುಡೊ ಎಪಿಟಿ -ಎಫ್ ಇನ್‌ಸ್ಟಾಲ್", ಕೊನೆಗೆ "ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್". ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳು ಪೂರ್ತಿಯಾಗುತ್ತವೆ, ಹೆಚ್ಚಿನ ಸಲ ಡ್ರೈವರ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕಾ?

ಬೇಡ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ, ಅಷ್ಟೇ. "ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ" ಕೊಟ್ಟಾಗ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅಂತ ಬಂದರೆ ಇದೇ ಕಾರಣ. ಆನ್ ಇದೆಯಾ ಅಂತ "ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್" ಹೇಳುತ್ತದೆ.

ಜನ ಎಡವುವ ಜಾಗ ಇದು. ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಬಹುದು. ಯಾವುದೋ ಒಂದು ಕೊಟ್ಟು ಮರೆತುಬಿಡುತ್ತಾರೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ, ಮೇಲೆ "ಪರ್ಫಾರ್ಮ್ ಮೋಕ್ ಮ್ಯಾನೇಜ್‌ಮೆಂಟ್" ಅಂತ ಬರೆದಿರುತ್ತದೆ. ವೈರಸ್ ಇರಬೇಕು ಅಂತ ಹೆದರಿ "ಕಂಟಿನ್ಯೂ ಬೂಟ್" ಒತ್ತುತ್ತಾರೆ, ಇಲ್ಲಾ ನೋಡುತ್ತಾ ಕೂರುತ್ತಾರೆ, ಕೆಲವೇ ಸೆಕೆಂಡಿನಲ್ಲಿ ಅದು ತಾನೇ ಮುಂದೆ ಹೋಗುತ್ತದೆ. ಅಲ್ಲಿಗೆ ಮಾಡ್ಯೂಲಿನ ಸಹಿಯ ಕೀ (ಅದೇ ಮೋಕ್) ಸೇರಲಿಲ್ಲ, ಡ್ರೈವರ್ ಹತ್ತಲಿಲ್ಲ. ಆ ಪರದೆ ಬಂದಾಗ ಬಾಣದ ಕೀಲಿಯಿಂದ "ಎನ್‌ರೋಲ್ ಮೋಕ್", "ಕಂಟಿನ್ಯೂ", "ಯೆಸ್" ಆರಿಸಿ ಅದೇ ಪಾಸ್‌ವರ್ಡ್ ಹಾಕಿ, ಕೊನೆಗೆ "ರೀಬೂಟ್". ಟೈಪ್ ಮಾಡುವಾಗ ಏನೂ ಕಾಣದಿದ್ದರೂ ಅದು ತೆಗೆದುಕೊಳ್ಳುತ್ತಿರುತ್ತದೆ.

ಪರದೆ ತಪ್ಪಿಹೋಗಿದ್ದರೆ "ಸುಡೊ ಮೋಕ್‌ಯುಟಿಲ್ --ಇಂಪೋರ್ಟ್" ಮುಂದೆ ಉಬುಂಟುವಿನ "/ವಾರ್/ಲಿಬ್/ಶಿಮ್-ಸೈನ್ಡ್/ಮೋಕ್/ಮೋಕ್.ಡೆರ್" ಫೈಲ್ ಕೊಟ್ಟು (ಕೊನೆಯ ಫೈಲ್ ಹೆಸರಿನ ಮೋಕ್ ದೊಡ್ಡಕ್ಷರದಲ್ಲಿ) ಮತ್ತೆ ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆ ಮತ್ತೆ ಬರುತ್ತದೆ. ಈ ಸಲ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

"ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್" ಅಂತ ಬರ್ತಿದೆ.

ರೀಸ್ಟಾರ್ಟ್ ಮಾಡಿ. ಅಪ್‌ಡೇಟ್‌ನಲ್ಲಿ ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿ ಇನ್ನೂ ಹಳೆಯ ಮಾಡ್ಯೂಲ್ ಕೂತಿದೆ. ರೀಸ್ಟಾರ್ಟ್ ಆದ ಮೇಲೂ ಬಂದರೆ ಎರಡು ಡ್ರೈವರ್ ಬೆರೆತಿವೆ, ಮೇಲಿನ ರನ್ ಫೈಲ್ ಉತ್ತರ ನೋಡಿ.

ನೂವೋ ಡ್ರೈವರ್ ಸಾಕಾಗಲ್ವಾ? ಓಪನ್ ಸೋರ್ಸ್ ಅಲ್ವಾ ಅದು?

ಎನ್‌ವಿಡಿಯಾದ ಸಹಾಯ ಇಲ್ಲದೆ, ಕಾರ್ಡ್ ಹೇಗೆ ನಡೆದುಕೊಳ್ಳುತ್ತದೆ ಅಂತ ಹೊರಗಿಂದ ನೋಡಿ ನೋಡಿ ಬರೆದ ಡ್ರೈವರ್ ನೂವೋ. 2010ರ ಹೊತ್ತಿಗೆ ಕರ್ನಲ್‌ನಲ್ಲಿ ಸೇರಿತು. ಆ ಕೆಲಸದ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಜಿಟಿಎಕ್ಸ್ 900 ಮತ್ತು 1000 ಸಾಲಿನ ಕಾರ್ಡುಗಳ ವೇಗ ಏರಿಸೋಕೆ ಎನ್‌ವಿಡಿಯಾ ಸಹಿ ಮಾಡಿದ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಬೇಕು, ಅದು ನೂವೋಗೆ ಸಿಗಲಿಲ್ಲ. ಹಾಗಾಗಿ ಆ ಕಾರ್ಡುಗಳು ನೂವೋದಲ್ಲಿ ಬೂಟ್ ಆದ ಕಡಿಮೆ ವೇಗದಲ್ಲೇ ತೆವಳುತ್ತವೆ. ಟೂರಿಂಗ್ ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸಾಲಿನಿಂದ ಈಚೆಗೆ ಪರಿಸ್ಥಿತಿ ಬೇರೆ. ಕಾರ್ಡಿನೊಳಗಿನ ಜಿಎಸ್‌ಪಿ ಅನ್ನೋ ಪ್ರೊಸೆಸರ್ ಆ ಕೆಲಸ ನೋಡಿಕೊಳ್ಳುತ್ತದೆ, ಮೆಸಾದ ಎನ್‌ವಿಕೆ ವಲ್ಕನ್ ಡ್ರೈವರ್ ಚೆನ್ನಾಗಿ ಬೆಳೆಯುತ್ತಿದೆ. ಬರೀ ಬ್ರೌಸರ್, ಆಫೀಸ್ ಕೆಲಸಕ್ಕೆ ಸಾಲುತ್ತದೆ. ಕುಡಾ, ದೊಡ್ಡ ಗೇಮ್ ಬೇಕಂದರೆ ಎನ್‌ವಿಡಿಯಾದ್ದೇ ಹಾಕಿ.

"ಓಪನ್" ಅಂತ ಇರೋ ಎನ್‌ವಿಡಿಯಾ ಪ್ಯಾಕೇಜ್ ಬೇರೇನಾ?

ಹೌದು, ನೂವೋ ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ 515ನೇ ಆವೃತ್ತಿಯ ಜೊತೆ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಬಿಡುಗಡೆ ಮಾಡಿತು. ಆ ಮಾಡ್ಯೂಲ್‌ಗಳ ಮೇಲೆ ಓಡುವ ಲೈಬ್ರರಿಗಳ ಸೋರ್ಸ್ ಇನ್ನೂ ಮುಚ್ಚಿದ್ದೇ. ಆರ್‌ಟಿಎಕ್ಸ್ 50 ಸಾಲಿಗೆ ಓಪನ್ ಮಾಡ್ಯೂಲ್ ಕಡ್ಡಾಯ, ಹಳೆಯ ಮುಚ್ಚಿದ ಮಾಡ್ಯೂಲ್ ಹಾಕಿದರೆ ಕಾರ್ಡ್ ಏಳುವುದೇ ಇಲ್ಲ. ಟೂರಿಂಗ್‌ನಿಂದ ಮುಂದಿನವಕ್ಕೆ ಓಪನ್ ಆರಿಸಿ. ಪಾಸ್ಕಲ್ (ಜಿಟಿಎಕ್ಸ್ 1000 ಸಾಲು) ಮತ್ತು ಅದಕ್ಕಿಂತ ಹಳೆಯವಕ್ಕೆ ಓಪನ್ ಕೆಲಸ ಮಾಡುವುದಿಲ್ಲ.

ನನ್ನದು ಹಳೇ ಕಾರ್ಡ್. ಹೊಸ ಡ್ರೈವರ್ ಹಾಕಿದ್ರೆ ಏನೂ ಬರ್ತಿಲ್ಲ.

ಜಿಟಿಎಕ್ಸ್ 750, 900, 1000 ಸಾಲಿನವಕ್ಕೆ 580 ಕೊನೆಯ ಡ್ರೈವರ್ ಸಾಲು. ಕೆಪ್ಲರ್ ಅಂದರೆ 600 ಮತ್ತು 700 ಸಾಲಿನ ಬಹುತೇಕ ಕಾರ್ಡುಗಳಿಗೆ 470. ಫರ್ಮಿಗೆ (400, 500 ಸಾಲು) 390, ಅದರ ಬೆಂಬಲ 2022ಕ್ಕೇ ಮುಗಿಯಿತು. ಜಿಟಿ 710, 730 ನಮ್ಮ ಅಂಗಡಿಗಳಲ್ಲಿ, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಇವತ್ತಿಗೂ ಸಿಗುತ್ತವೆ. ಲಿನಕ್ಸ್‌ಗೆ ಅಂತ ಅವನ್ನು ಹೊಸದಾಗಿ ದುಡ್ಡು ಕೊಟ್ಟು ತರಬೇಡಿ. ಆಗಲೇ ಇದ್ದರೆ ನೂವೋದಲ್ಲೇ ಓಡಿಸಿ, ನಿಶ್ಚಿಂತೆಯಾಗಿರಿ.

ಲ್ಯಾಪ್‌ಟಾಪ್‌ನಲ್ಲಿ ಎರಡು ಕಾರ್ಡ್ ಇವೆ. ಗೇಮ್ ಯಾವಾಗ್ಲೂ ಇಂಟೆಲ್‌ನಲ್ಲೇ ಓಡುತ್ತೆ.

ಅದು ತೊಂದರೆಯಲ್ಲ, ಬ್ಯಾಟರಿ ಉಳಿಸೋಕೆ ಹಾಗೆ ಇಟ್ಟಿರುವುದು. ಉಬುಂಟುವಿನಲ್ಲಿ "ಪ್ರೈಮ್-ಸೆಲೆಕ್ಟ್ ಕ್ವೆರಿ" ಈಗಿನ ಸ್ಥಿತಿ ಹೇಳುತ್ತದೆ. "ಆನ್-ಡಿಮ್ಯಾಂಡ್" ಇಟ್ಟುಕೊಳ್ಳಿ. ಆಮೇಲೆ ಗ್ನೋಮ್‌ನಲ್ಲಿ ಆ್ಯಪ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿದರೆ ಡಿಸ್ಕ್ರೀಟ್ ಕಾರ್ಡಿನಲ್ಲಿ ತೆರೆಯುವ ಆಯ್ಕೆ ಬರುತ್ತದೆ. ಎರಡೂ ಕಾರ್ಡ್ ಮೆಸಾದವೇ ಆಗಿದ್ದರೆ "ಡಿಆರ್‌ಐ_ಪ್ರೈಮ್=1" ಅಂತ ಕಮಾಂಡಿನ ಮುಂದೆ ದೊಡ್ಡಕ್ಷರದಲ್ಲಿ ಹಾಕಿದರೆ ಸಾಕು.

ಎಚ್‌ಡಿಎಂಐ ಕೆಲಸ ಮಾಡ್ತಿಲ್ಲ ಅನ್ನೋರು ಇದನ್ನು ಗಮನಿಸಿ. ಬಹಳ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಎನ್‌ವಿಡಿಯಾ ಚಿಪ್ಪಿಗೇ ತಂತಿ ಹೋಗಿರುತ್ತದೆ. ಪ್ರೈಮ್-ಸೆಲೆಕ್ಟ್ ಅನ್ನು "ಇಂಟೆಲ್" ಮೇಲೆ ಇಟ್ಟರೆ ಚಿಪ್ ಆಫ್, ಪೋರ್ಟೂ ಆಫ್. ಪ್ರೊಜೆಕ್ಟರ್ ಮುಂದೆ ನಿಂತಾಗ ಇದು ನೆನಪಿರಲಿ.

ಹೊಸ ಎಎಂಡಿ ಕಾರ್ಡ್ ತಂದೆ, ಸ್ಕ್ರೀನ್ ಬರುತ್ತೆ ಆದ್ರೆ ಎಲ್ಲ ನಿಧಾನ.

ಕಾರ್ಡ್ ಹೊಸದು, ಸಿಸ್ಟಮ್ ಹಳೆಯದು. ಕರ್ನಲ್, ಮೆಸಾ, ಲಿನಕ್ಸ್-ಫರ್ಮ್‌ವೇರ್ ಮೂರೂ ಆ ಕಾರ್ಡ್ ಬಂದ ಮೇಲಿನವಾಗಿರಬೇಕು. "ಸುಡೊ ಜರ್ನಲ್‌ಸಿಟಿಎಲ್ -ಬಿ -ಕೆ" ಕೊಟ್ಟು ಎಎಂಡಿಜಿಪಿಯು ಸಾಲುಗಳಲ್ಲಿ ಫರ್ಮ್‌ವೇರ್ ಸಿಗಲಿಲ್ಲ ಅನ್ನುವ ಮಾತು ಇದೆಯಾ ನೋಡಿ. ಉಬುಂಟು ಎಲ್‌ಟಿಎಸ್‌ನವರು ಎಚ್‌ಡಬ್ಲ್ಯುಇ ಕರ್ನಲ್ (ಹೊಸ ಹಾರ್ಡ್‌ವೇರ್‌ಗೆಂದು ಉಬುಂಟು ಕೊಡುವ ಹೊಸ ಕರ್ನಲ್) ಹಾಕಿ. ಹಳೆಯ ಡೆಬಿಯನ್‌ನಲ್ಲಿ ನಾನ್-ಫ್ರೀ ಫರ್ಮ್‌ವೇರ್ ಕೈಯಾರೆ ಹಾಕಬೇಕಿತ್ತು. 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ.

ಇಂಟೆಲ್ ಲ್ಯಾಪ್‌ಟಾಪ್ ಸ್ಕ್ರೀನ್ ಮಿಣುಕುತ್ತೆ.

ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಅನ್ನುವ ವಿದ್ಯುತ್ ಉಳಿಸುವ ಸೌಲಭ್ಯ ಕೆಲವು ಪ್ಯಾನೆಲ್‌ಗಳಿಗೆ ಹೊಂದುವುದಿಲ್ಲ. ಗ್ರಬ್‌ನಲ್ಲಿ, ಮೇಲೆ ನೋಮೋಡ್‌ಸೆಟ್ ಸೇರಿಸಿದ ಹಾಗೇ, "ಐ915.ಎನೇಬಲ್_ಪಿಎಸ್‌ಆರ್=0" ಸೇರಿಸಿ ನೋಡಿ. ನಿಂತರೆ ಕಾಯಂ ಮಾಡಿ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ.

ವೇಲ್ಯಾಂಡ್‌ನಲ್ಲಿ ಎನ್‌ವಿಡಿಯಾ ಸರಿ ಬರಲ್ಲ ಅಂತಾರೆ. ಎಕ್ಸ್11ಗೆ ಹೋಗ್ಲಾ?

ವೇಲ್ಯಾಂಡ್, ಎಕ್ಸ್11 ಎರಡೂ ಪರದೆ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಗಳು, ವೇಲ್ಯಾಂಡ್ ಹೊಸದು. ಹಿಂದೆ ಅದು ನಿಜವಾಗಿತ್ತು. 2024ರಲ್ಲಿ 555ನೇ ಆವೃತ್ತಿಯಲ್ಲಿ ಎಕ್ಸ್‌ಪ್ಲಿಸಿಟ್ ಸಿಂಕ್ (ಫ್ರೇಮ್ ಪೂರ್ತಿಯಾದ ಮೇಲೇ ತೋರಿಸುವ ಹೊಂದಾಣಿಕೆ) ಬಂದ ಮೇಲೆ ಮಿಣುಕುವುದು, ಹಳೆಯ ಫ್ರೇಮ್ ಮತ್ತೆ ಕಾಣುವುದು ಬಹಳ ಕಡಿಮೆಯಾಗಿದೆ. ಉಬುಂಟು 25.10ರ ಗ್ನೋಮ್‌ನಲ್ಲಿ ಎಕ್ಸ್11 ಸೆಷನ್ನೇ ಇಲ್ಲ. ಹಾಗಾಗಿ ಎಕ್ಸ್11ಗೆ ಓಡುವ ಬದಲು ಡ್ರೈವರ್ ಹೊಸದು ಮಾಡಿಕೊಳ್ಳಿ.

ಸ್ಲೀಪ್‌ನಿಂದ ಎದ್ದಾಗ ಚಿತ್ರ ಎಲ್ಲ ಕಲಸಿಹೋಗಿರುತ್ತೆ.

ಎನ್‌ವಿಡಿಯಾದಲ್ಲಿ ಮಲಗುವಾಗ ವಿಡಿಯೊ ಮೆಮೊರಿ ಉಳಿಸಿಡಬೇಕು. ಎನ್‌ವಿಡಿಯಾ-ಸಸ್ಪೆಂಡ್, ಎನ್‌ವಿಡಿಯಾ-ರೆಸ್ಯೂಮ್, ಎನ್‌ವಿಡಿಯಾ-ಹೈಬರ್ನೇಟ್ ಸರ್ವಿಸ್‌ಗಳು ಎನೇಬಲ್ ಆಗಿವೆಯಾ ಅಂತ ಸಿಸ್ಟಮ್‌ಸಿಟಿಎಲ್‌ನಲ್ಲಿ ನೋಡಿ, ಮಾಡ್ಯೂಲ್ ಆಯ್ಕೆಗಳಲ್ಲಿ "ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಷನ್ಸ್" 1 ಇರಬೇಕು.

ಸ್ಟೀಮ್ ಫ್ಲಾಟ್‌ಪ್ಯಾಕ್‌ನಲ್ಲಿ ಮಾತ್ರ ಗೇಮ್ ಓಡಲ್ಲ.

ಫ್ಲಾಟ್‌ಪ್ಯಾಕ್ (ಆ್ಯಪ್‌ಗಳನ್ನು ಸಿಸ್ಟಮ್‌ನಿಂದ ಬೇರೆಯಾಗಿ ಇಟ್ಟು ಓಡಿಸುವ ವ್ಯವಸ್ಥೆ) ತನ್ನದೇ ಎನ್‌ವಿಡಿಯಾ ಲೈಬ್ರರಿ ಇಟ್ಟುಕೊಳ್ಳುತ್ತದೆ, ಅದರ ಆವೃತ್ತಿ ಸಿಸ್ಟಮ್ ಡ್ರೈವರ್‌ಗೆ ಸರಿಯಾಗಿ ಹೊಂದಬೇಕು. ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ "ಫ್ಲಾಟ್‌ಪ್ಯಾಕ್ ಅಪ್‌ಡೇಟ್" ಕೊಡಿ.

ಎಲ್ಲ ಮಾಡಿದೆ, ಆದ್ರೂ ಗೇಮ್ ಮಧ್ಯೆ ಹ್ಯಾಂಗ್ ಆಗುತ್ತೆ.

ಎಲ್ಲ ತಪ್ಪೂ ಡ್ರೈವರಿನದ್ದಲ್ಲ. ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದ ಮೇಲೆ "ಸುಡೊ ಜರ್ನಲ್‌ಸಿಟಿಎಲ್ -ಬಿ -1 -ಕೆ" ಕೊಡಿ, ಹಿಂದಿನ ಬೂಟ್‌ನ ಕರ್ನಲ್ ಮಾತುಗಳು ಸಿಗುತ್ತವೆ. ಎನ್‌ವಿಡಿಯಾ ಆದರೆ "ಎಕ್ಸ್‌ಐಡಿ" (ಡ್ರೈವರ್ ಕೊಡುವ ಎರರ್ ಸಂಖ್ಯೆ) ಹುಡುಕಿ. 79 ಅಂತಿದ್ದರೆ ಕಾರ್ಡ್ ಬಸ್‌ನಿಂದಲೇ ಕಳಚಿಕೊಂಡಿದೆ ಅಂತ ಅರ್ಥ. ಆಗ ಪವರ್ ಸಪ್ಲೈ, ಕಾರ್ಡಿನ ಪವರ್ ಕನೆಕ್ಟರ್, ಧೂಳು, ಬಿಸಿ ಇವನ್ನು ನೋಡಿ. ಎಎಂಡಿ ಆದರೆ "ರಿಂಗ್ ಟೈಮ್‌ಔಟ್" ಅನ್ನೋ ಸಾಲು ಹುಡುಕಿ. ಅದು ಮೆಸಾ ತಪ್ಪೂ ಇರಬಹುದು, ಓವರ್‌ಕ್ಲಾಕ್ ತಪ್ಪೂ ಇರಬಹುದು, ಮೊದಲು ಓವರ್‌ಕ್ಲಾಕ್ ತೆಗೆದು ನೋಡಿ.

ಯಾರನ್ನಾದ್ರೂ ಸಹಾಯ ಕೇಳೋವಾಗ ಏನೇನು ಕೊಡ್ಬೇಕು?

ಡಿಸ್ಟ್ರೋ ಹೆಸರು ಮತ್ತು ಆವೃತ್ತಿ, "ಯುನೇಮ್ -ಆರ್", "ಎಲ್‌ಎಸ್‌ಪಿಸಿಐ -ಕೆ"ನಲ್ಲಿ ಕಾರ್ಡಿನ ಮೂರು ನಾಲ್ಕು ಸಾಲು, ವೇಲ್ಯಾಂಡಾ ಎಕ್ಸ್11ಆ, ಸೆಕ್ಯೂರ್ ಬೂಟ್ ಆನಾ ಆಫಾ, ಕೊನೆಯ ಸಲ ಸರಿ ಇದ್ದ ಮೇಲೆ ಏನು ಬದಲಾಯಿತು. ಎರರ್ ಸಾಲನ್ನು ಇದ್ದದ್ದು ಇದ್ದ ಹಾಗೇ ಕಾಪಿ ಮಾಡಿ ಹಾಕಿ, ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಓದೋಕಾಗಲ್ಲ. ಅದುವರೆಗೆ ನೀವು ಏನೇನು ಹಾಕಿದಿರಿ, ತೆಗೆದಿರಿ ಅನ್ನೋದನ್ನು ಮುಚ್ಚಿಡದೆ ಹೇಳಿ. ಯಾವುದಾದರೂ ರನ್ ಫೈಲ್ ಹಾಕಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.